ದ ಬ್ಲೈಂಡ್ ಸೈಡ್ ಮತ್ತು ಮೈಕಲ್ ಓಹರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಿಲ್ಲದ ಹದಿಹರೆಯದ ಹುಡುಗ, ಅವನನ್ನು ಕರೆದುಕೊಂಡು ಹೋಗುವ ಒಂದು ಕುಟುಂಬ, ನಡುವೆ ಆಟ. 2009ರ ಈ ಅಮೆರಿಕನ್ ಸಿನಿಮಾ ನೋಡಿ ಕಣ್ಣೊರೆಸಿಕೊಂಡವರು ಬಹಳ ಮಂದಿ. 2023ರಲ್ಲಿ ಕತೆಯ ನಿಜ ನಾಯಕನೇ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ‘ಹಾಗಾದರೆ ನೋಡಿದ್ದೆಲ್ಲ ಸುಳ್ಳೇ?’ ಎಂಬ ಪ್ರಶ್ನೆ ಶುರುವಾಯಿತು. ಎಲ್ಲವೂ ಸುಳ್ಳಲ್ಲ, ಎಲ್ಲವೂ ನಿಜವೂ ಅಲ್ಲ. ಕೆಳಗಿನ ಉತ್ತರಗಳಲ್ಲಿ ಸಿನಿಮಾದ ಹುಡುಗನನ್ನು ಮೈಕಲ್ ಎಂದೂ, ನಿಜ ಜೀವನದ ಆಟಗಾರನನ್ನು ಓಹರ್ ಎಂದೂ ಕರೆದಿದ್ದೇವೆ. ಇಬ್ಬರನ್ನೂ ಒಬ್ಬರೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಸಿನಿಮಾದ ಕತೆ ಏನು? ಯಾರು ಮಾಡಿದ್ದು?

ಟೆನೆಸೀ ರಾಜ್ಯದ ಮೆಂಫಿಸ್ ನಗರ. ತಾಯಿ ಮಾದಕ ವ್ಯಸನಕ್ಕೆ ಸಿಕ್ಕಿ, ಊರ ತುಂಬ ಅಲೆಯುವ ಕಪ್ಪು ಹುಡುಗ ಮೈಕಲ್. ದೇಹ ದೊಡ್ಡದು, ಮಾತು ಕಡಿಮೆ. ಒಂದು ಖಾಸಗಿ ಕ್ರೈಸ್ತ ಶಾಲೆಯಲ್ಲಿ ಸೀಟು ಸಿಗುತ್ತದೆ. ಅದೇ ಶಾಲೆಯ ಮಕ್ಕಳ ತಾಯಿ, ಶ್ರೀಮಂತ ಬಿಳಿಯ ಮನೆತನದ ಲೀ ಆ್ಯನ್ ಟೂಯಿ, ಚಳಿಯ ರಾತ್ರಿಯಲ್ಲಿ ಅವನನ್ನು ಮನೆಗೆ ಕರೆದೊಯ್ಯುತ್ತಾಳೆ. ಮುಂದೆ ಓದು, ಫುಟ್‌ಬಾಲ್, ಕಾಲೇಜು.

ನಿರ್ದೇಶಕ ಜಾನ್ ಲೀ ಹ್ಯಾನ್‌ಕಾಕ್. ಆಧಾರ, ಮೈಕಲ್ ಲೂಯಿಸ್ 2006ರಲ್ಲಿ ಬರೆದ ಇದೇ ಹೆಸರಿನ ಪುಸ್ತಕ. ಲೀ ಆ್ಯನ್ ಪಾತ್ರಕ್ಕಾಗಿ ಸಾಂಡ್ರಾ ಬುಲಕ್ ಅತ್ಯುತ್ತಮ ನಟಿ ಆಸ್ಕರ್ ಪಡೆದರು. ಮೈಕಲ್ ಪಾತ್ರ ಕ್ವಿಂಟನ್ ಆ್ಯರನ್ ಅವರದು. ಸುಮಾರು 2.9 ಕೋಟಿ ಡಾಲರ್‌ನಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ 30 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದಿದ್ದರೆ ಅರ್ಥವಾಗುತ್ತದೆಯೇ?

ಆಗುತ್ತದೆ. ಇಷ್ಟು ತಿಳಿದಿದ್ದರೆ ಸಾಕು. ಒಂದೊಂದು ತಂಡದಲ್ಲಿ 11 ಜನ. ಅಂಕಣದ ಉದ್ದ 100 ಗಜ, ಎರಡೂ ತುದಿಯಲ್ಲಿ ತಲಾ 10 ಗಜದ ಎಂಡ್ ಝೋನ್. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಎಂಡ್ ಝೋನ್ ಮುಟ್ಟಿದರೆ 6 ಅಂಕ. ಆಟವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್: ಚೆಂಡನ್ನು ಎಸೆಯುತ್ತಾನೆ ಅಥವಾ ಓಡುವವನ ಕೈಗಿಡುತ್ತಾನೆ. ಅವನ ಮುಂದೆ ಗೋಡೆಯಾಗಿ ನಿಲ್ಲುವ ಐವರಲ್ಲಿ ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಎರಡು ಕೊನೆಗಳಲ್ಲಿ ಟ್ಯಾಕಲ್‌ಗಳು. ಈ ಐವರು ಸಾಮಾನ್ಯವಾಗಿ ಚೆಂಡು ಮುಟ್ಟುವುದೇ ಇಲ್ಲ. ಮೈಕಲ್ ಈ ಗೋಡೆಯ ಎಡತುದಿಯವನು, ಅಂದರೆ ಲೆಫ್ಟ್ ಟ್ಯಾಕಲ್.

‘ಬ್ಲೈಂಡ್ ಸೈಡ್’ ಯಾವ ಕಡೆ? ಆರಂಭದಲ್ಲಿ ಕಾಲು ಮುರಿಯುವ ದೃಶ್ಯ ನಿಜವೇ?

ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿ ನಿಂತಾಗ ಅವನ ಬೆನ್ನು ಎಡಗಡೆಗೆ ಬೀಳುತ್ತದೆ. ಆ ಕಡೆಯಿಂದ ನುಗ್ಗುವವನು ಅವನಿಗೆ ಕಾಣುವುದಿಲ್ಲ. ಎಡಗೈಯವನಾದರೆ ಇದು ಅದಲುಬದಲು.

ದೃಶ್ಯ ನಿಜ. 1985ರ ನವೆಂಬರ್ 18ರಂದು ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೀಸ್ಮನ್ ಅವರನ್ನು ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ ಕೆಡವಿದರು. ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಮೂಳೆಗಳು ಮುರಿದವು. ಥೀಸ್ಮನ್ ಮತ್ತೆ ಆಡಲಿಲ್ಲ. ಅಂದು ವಾಷಿಂಗ್ಟನ್ ಆಡಿದ್ದು ಚೆಂಡನ್ನು ಓಡುವವನಿಗೆ ಕೊಟ್ಟು ಅವನಿಂದ ವಾಪಸ್ ಪಡೆದು ಎಸೆಯುವ ತಂತ್ರ. ಅದಕ್ಕೆ ಹೊತ್ತು ಹೆಚ್ಚು ಬೇಕು, ನುಗ್ಗುವವನಿಗೂ ಅಷ್ಟೇ ಹೊತ್ತು ಸಿಗುತ್ತದೆ. 33 ವರ್ಷಗಳ ನಂತರ, 2018ರ ಅದೇ ನವೆಂಬರ್ 18ರಂದು, ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಅವರಿಗೂ ಬಲಗಾಲಿನ ಅವೇ ಮೂಳೆಗಳು ಮುರಿದವು. ಎರಡೂ ಪಂದ್ಯಗಳ ಅಂಕ 23–21.

ಲೆಫ್ಟ್ ಟ್ಯಾಕಲ್ ಸುಮ್ಮನೆ ತಳ್ಳುತ್ತಾನೆ ಅಷ್ಟೇ ತಾನೇ? ಅದಕ್ಕೆ ಇಷ್ಟು ಬೆಲೆ ಏಕೆ?

ಸಿನಿಮಾದಲ್ಲಿ ಹಾಗೇ ಕಾಣುತ್ತದೆ, ಆದರೆ ಈ ಜಾಗದಲ್ಲಿ ತೂಕಕ್ಕಿಂತ ಪಾದ ಮುಖ್ಯ. ಕ್ವಾರ್ಟರ್‌ಬ್ಯಾಕ್ ಎಸೆಯುವವರೆಗೆ ಎರಡೂವರೆಯಿಂದ ಮೂರು ಸೆಕೆಂಡ್ ಅವನನ್ನು ಕಾಯಬೇಕು. ಎದುರಿಗೆ ಬರುವವನು ಮುಂದಕ್ಕೆ ಓಡುತ್ತಾನೆ, ಟ್ಯಾಕಲ್ ಹಿಂದಕ್ಕೆ ಸರಿಯುತ್ತಲೇ ಅವನನ್ನು ತಡೆಯಬೇಕು.

ಕ್ರಮ ಹೀಗೆ. ಚೆಂಡು ಚಲಿಸಿದ ಕ್ಷಣ ಹೊರಗಾಲು, ಅಂದರೆ ಎಡಗಾಲು, ಹಿಂದಕ್ಕೂ ಪಕ್ಕಕ್ಕೂ ಓರೆಯಾಗಿ ಹೋಗಬೇಕು. ಒಳಗಾಲು ಅದರ ಹಿಂದೆ ಜಾರಿ ಬರಬೇಕು. ಕಾಲು ಕಾಲಿಗೆ ಅಡ್ಡ ಬರಬಾರದು. ಮೊಣಕಾಲು ಬಾಗಿರಬೇಕು, ಸೊಂಟ ಬಾಗಿರಬಾರದು. ಎದುರಾಳಿ ಕೈಗೆಟುಕಿದಾಗ ಎರಡೂ ಅಂಗೈ ಅವನ ಎದೆಯ ಮೇಲೆ, ಅವನ ತೋಳುಗಳ ಒಳಗಡೆ ಬೀಳಬೇಕು. ಕಣ್ಣು ಅವನ ಎದೆಯ ಮೇಲಿರಬೇಕು, ತಲೆಯ ಮೇಲಲ್ಲ. ತಲೆಯನ್ನು ಅವನು ಮೋಸಕ್ಕೆ ಅಲ್ಲಾಡಿಸುತ್ತಾನೆ.

ತಪ್ಪುವುದು ಎಲ್ಲಿ? ಸೊಂಟ ಬಾಗಿಸಿ ಮುಂದಕ್ಕೆ ವಾಲಿದರೆ ಎದುರಾಳಿ ತೋಳು ಹಿಡಿದೆಳೆದು ದಾಟುತ್ತಾನೆ. ಹೊರಗಿನ ಓಟಕ್ಕೆ ಹೆದರಿ ಸೊಂಟವನ್ನು ಬೇಗ ತಿರುಗಿಸಿದರೆ ಅವನು ಒಳಗಡೆಯಿಂದ ನುಗ್ಗುತ್ತಾನೆ, ಅದು ಕ್ವಾರ್ಟರ್‌ಬ್ಯಾಕ್‌ಗೆ ಇನ್ನೂ ಹತ್ತಿರದ ದಾರಿ. ಕೈ ಹೊರಗೆ ಬಿದ್ದು ಅಂಗಿ ಹಿಡಿದರೆ ಹೋಲ್ಡಿಂಗ್, 10 ಗಜ ದಂಡ. ಚೆಂಡಿಗಿಂತ ಮೊದಲೇ ಅಲ್ಲಾಡಿದರೆ ಫಾಲ್ಸ್ ಸ್ಟಾರ್ಟ್, 5 ಗಜ. ಮೈಕಲ್ ಎದುರಾಳಿಯನ್ನು ಅಂಕಣದಾಚೆಗೆ ತಳ್ಳಿಕೊಂಡು ಹೋಗುವ ದೃಶ್ಯಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ. ಅಂಥದ್ದಕ್ಕೆ ಪಂದ್ಯದಲ್ಲಿ 15 ಗಜದ ದಂಡ ಬೀಳಬಹುದು.

ಬೆಲೆಯ ವಿಚಾರ: 1993ರಲ್ಲಿ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಆಟಗಾರರಿಗೆ ಒಪ್ಪಂದ ಮುಗಿದ ಮೇಲೆ ಬೇರೆ ತಂಡಕ್ಕೆ ಹೋಗುವ ಸ್ವಾತಂತ್ರ್ಯ ಸಿಕ್ಕಿತು. ಮಾರುಕಟ್ಟೆ ತೆರೆದ ಮೇಲೆ ಯಾರಿಗೂ ಹೆಸರು ಗೊತ್ತಿಲ್ಲದ ಈ ಜಾಗದವರ ಸಂಬಳ ಏರಿತು. ದೈತ್ಯ ದೇಹ, ಉದ್ದ ತೋಳು, ಬ್ಯಾಸ್ಕೆಟ್‌ಬಾಲ್ ಆಟಗಾರನ ಪಾದ, ಈ ಮೂರೂ ಒಬ್ಬನಲ್ಲೇ ಸಿಗುವುದು ಅಪರೂಪ. ಲೂಯಿಸ್ ಪುಸ್ತಕದ ಅರ್ಧ ಭಾಗ ಇದೇ ವಿಷಯ. ಸಿನಿಮಾ ಅದನ್ನು ಮೊದಲ ಕೆಲವು ನಿಮಿಷಗಳಲ್ಲೇ ಮುಗಿಸುತ್ತದೆ, ಆಟ ಪ್ರೀತಿಸುವವರಿಗೆ ಅದು ನಷ್ಟ.

ಓಹರ್‌ಗೆ ನಿಜವಾಗಿಯೂ ಆಟ ಗೊತ್ತಿರಲಿಲ್ಲವೇ? ಲೀ ಆ್ಯನ್ ಕಲಿಸಿದರೇ?

ಇಲ್ಲ. ಓಹರ್‌ಗೆ ಆಟ ಮೊದಲೇ ಗೊತ್ತಿತ್ತು. ಗೊತ್ತಿಲ್ಲವೆಂದು ತೋರಿಸಿದ್ದೇ ಸಿನಿಮಾ ಮಾಡಿದ ದೊಡ್ಡ ಅನ್ಯಾಯ. ಮೈಕಲ್‌ಗೆ ತಡೆಯುವುದು ಹೇಗೆಂದು ಗೊತ್ತಿಲ್ಲ; ಲೀ ಆ್ಯನ್ ಅಭ್ಯಾಸದ ನಡುವೆ ಅಂಕಣಕ್ಕಿಳಿದು ‘ಈ ತಂಡ ನಿನ್ನ ಕುಟುಂಬ, ಇವರನ್ನು ಕಾಪಾಡು’ ಎಂಬರ್ಥದ ಮಾತು ಹೇಳುತ್ತಾಳೆ, ಹುಡುಗ ಮರುಕ್ಷಣವೇ ಬದಲಾಗುತ್ತಾನೆ. ಇನ್ನೊಂದು ಕಡೆ ಮನೆಯ ಪುಟ್ಟ ಹುಡುಗ ಮೇಜಿನ ಮೇಲೆ ಸಾಸ್ ಬಾಟಲಿಗಳನ್ನಿಟ್ಟು ಆಟ ಕಲಿಸುತ್ತಾನೆ.

ಓಹರ್ 2011ರ ತಮ್ಮ ಆತ್ಮಕತೆಯಲ್ಲಿ ಇದನ್ನು ನೇರವಾಗಿ ತಿದ್ದಿದರು. ಚಿಕ್ಕಂದಿನಿಂದಲೂ ಆಟವನ್ನು ಗಮನವಿಟ್ಟು ನೋಡಿ ಕಲಿತವರು ಅವರು, ಬ್ಯಾಸ್ಕೆಟ್‌ಬಾಲ್ ಕೂಡ ಆಡುತ್ತಿದ್ದರು. ತನ್ನನ್ನು ದಡ್ಡನಂತೆ ತೋರಿಸಿದ್ದು ಅವರಿಗೆ ನೋವು ತಂದಿತು. ಸಿನಿಮಾ ನೋಡಿದವರು ತನ್ನ ಆಟವನ್ನು ಅಳೆಯುವ ರೀತಿಯೇ ಬದಲಾಯಿತೆಂದು 2015ರಲ್ಲೂ ಹೇಳಿದರು. ಮೇಲೆ ಬರೆದ ಪಾದದ ಕೆಲಸ ಒಂದು ಮಾತಿನಿಂದ ಬರುವಂಥದ್ದಲ್ಲ, ವರ್ಷಗಟ್ಟಲೆ ಬೆವರಿನಿಂದ ಬರುವಂಥದ್ದು. ಆ ಬೆವರಿನ ಶ್ರೇಯ ಓಹರ್ ಅವರಿಗೇ ಸೇರಬೇಕು.

ಒಂದೇ ರಾತ್ರಿಯಲ್ಲಿ ಬೀದಿಯಿಂದ ಬಂಗಲೆಗೆ ಬಂದದ್ದು ನಿಜವೇ?

ಇಷ್ಟು ಸರಳವಾಗಿ ಅಲ್ಲ. ಓಹರ್ ಹುಟ್ಟಿದ್ದು 1986ರ ಮೇ 28. ತಾಯಿಗೆ 12 ಮಕ್ಕಳು. ಮೊದಲ ಒಂಬತ್ತು ವರ್ಷಗಳ ಓದಿನಲ್ಲಿ 11 ಶಾಲೆ ಬದಲಾದವು, ನಡುನಡುವೆ ಸರ್ಕಾರದ ಪೋಷಕ ಮನೆಗಳಲ್ಲೂ ಇದ್ದರು. ಅವರನ್ನು ಬ್ರಯರ್‌ಕ್ರೆಸ್ಟ್ ಕ್ರೈಸ್ತ ಶಾಲೆಗೆ (ಸಿನಿಮಾದಲ್ಲಿ ಬೇರೆ ಹೆಸರಿದೆ) ಕರೆದೊಯ್ದದ್ದು ಮೆಂಫಿಸ್‌ನ ಟೋನಿ ಹೆಂಡರ್ಸನ್, ‘ಬಿಗ್ ಟೋನಿ’. ಅವರೂ ಕಪ್ಪು ಸಮುದಾಯದವರು, ಶ್ರೀಮಂತರಲ್ಲ. ತಮ್ಮ ಮಗನನ್ನು ಸೇರಿಸಲು ಹೋದಾಗ ಓಹರ್ ಅವರನ್ನೂ ಜೊತೆಗೆ ಕರೆದುಕೊಂಡು ಹೋದರು. ಟೂಯಿ ಮನೆಯಲ್ಲಿ ನೆಲೆಯಾಗುವ ಮೊದಲು ಓಹರ್ ಹಲವು ಮನೆಗಳಲ್ಲಿ ಉಳಿದಿದ್ದರು. ಸಿನಿಮಾದಲ್ಲಿ ಆ ಎಲ್ಲ ಬಾಗಿಲುಗಳೂ ಒಂದೇ ಬಾಗಿಲಾಗಿವೆ. ನಿಜದಲ್ಲಿ ಹುಡುಗನನ್ನು ಉಳಿಸಿದ್ದು ಹತ್ತಾರು ಕೈ.

ಇಷ್ಟು ಕಡಿಮೆ ಅಂಕವಿದ್ದವರು ಕಾಲೇಜು ಸೇರಿದ್ದು ಹೇಗೆ?

ಅಮೆರಿಕದ ಜಿಪಿಎ ಲೆಕ್ಕದಲ್ಲಿ ಎ ಬಂದರೆ 4, ಬಿ 3, ಸಿ 2, ಡಿ 1, ಎಫ್ ಸೊನ್ನೆ. ಎಲ್ಲ ವಿಷಯಗಳ ಸರಾಸರಿಯೇ ಜಿಪಿಎ. ಓಹರ್ ಅವರದು 0.76ರಿಂದ 2.52ಕ್ಕೆ ಏರಿತು.

ಇದು ಎಷ್ಟು ಕಷ್ಟವೆಂದು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. 24 ವಿಷಯಗಳ ಪೈಕಿ 18 ಮುಗಿದು ಸರಾಸರಿ 0.76 ಇದೆ ಅನ್ನಿ, ಒಟ್ಟು 13.68 ಅಂಕ. ಉಳಿದ ಆರರಲ್ಲೂ ಎ ತೆಗೆದರೆ 24 ಸೇರಿ 37.68, ಸರಾಸರಿ ಬರೀ 1.57. ಎರಡೂವರೆ ಮುಟ್ಟಲು 60 ಅಂಕ ಬೇಕು. ಅಂದರೆ ಮುಂದೆ ಚೆನ್ನಾಗಿ ಓದಿದರೆ ಸಾಲದು, ಹಿಂದಿನ ಎಫ್‌ಗಳನ್ನು ತೆಗೆದು ಹೊಸ ಅಂಕ ಕೂರಿಸಬೇಕು, ಅದೂ ಕನಿಷ್ಠ ಆರು ವಿಷಯಗಳಲ್ಲಿ. ಇದಕ್ಕೆ ನೆರವಾದದ್ದು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಹತ್ತು ದಿನಗಳ ಆನ್‌ಲೈನ್ ಕೋರ್ಸ್‌ಗಳು, ಮತ್ತು ಪಕ್ಕದಲ್ಲೇ ಕುಳಿತು ಓದಿಸಿದ ಶಿಕ್ಷಕಿ ಸೂ ಮಿಚೆಲ್. ಸಿನಿಮಾದಲ್ಲಿ ಆ ಪಾತ್ರ ಕ್ಯಾಥಿ ಬೇಟ್ಸ್ ಅವರದು.

ಈಗ ಇದೇ ದಾರಿ ಹಿಡಿಯಬೇಕೆನ್ನುವವರಿಗೆ: ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೊದಲ ದರ್ಜೆಗೆ 16 ಮುಖ್ಯ ವಿಷಯಗಳು, ಅವುಗಳಲ್ಲಿ ಕನಿಷ್ಠ 2.3 ಸರಾಸರಿ ಬೇಕು. ಇಂಗ್ಲಿಷ್ 4 ವರ್ಷ, ಗಣಿತ 3, ವಿಜ್ಞಾನ 2, ಸಮಾಜ ವಿಜ್ಞಾನ 2 ಕಡ್ಡಾಯ. 16ರಲ್ಲಿ 10 ವಿಷಯಗಳು ಕೊನೆಯ ವರ್ಷ ಶುರುವಾಗುವ ಮುನ್ನವೇ ಮುಗಿದಿರಬೇಕು. ಎಸ್‌ಎಟಿಯಂಥ ಪ್ರವೇಶ ಪರೀಕ್ಷೆಯ ಅಂಕದ ಕಡ್ಡಾಯವನ್ನು 2023ರಲ್ಲಿ ಕೈಬಿಡಲಾಗಿದೆ. ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು ಈ ಹತ್ತರ ನಿಯಮವನ್ನು ಒಂಬತ್ತನೇ ತರಗತಿಯಲ್ಲೇ ಬರೆದಿಟ್ಟುಕೊಳ್ಳಬೇಕು. ಕೊನೆಯ ವರ್ಷ ಗೊತ್ತಾದರೆ ಸರಿಪಡಿಸಲು ಹೊತ್ತಿರುವುದಿಲ್ಲ.

ಎನ್‌ಸಿಎಎ ಅಧಿಕಾರಿ ವಿಚಾರಣೆ ಮಾಡುವ ದೃಶ್ಯ ಏಕೆ ಬರುತ್ತದೆ?

ಕಾಲೇಜಿಗೆ ದೇಣಿಗೆ ಕೊಟ್ಟು ಅದರ ತಂಡಗಳನ್ನು ಬೆಂಬಲಿಸುವವರನ್ನು ಅಲ್ಲಿ ಬೂಸ್ಟರ್ ಎನ್ನುತ್ತಾರೆ. ಅವರು ಆಟಗಾರನಿಗೆ ಮನೆ, ಬಟ್ಟೆ, ವಾಹನ ಕೊಟ್ಟು ತಮ್ಮ ಕಾಲೇಜಿಗೆ ಸೆಳೆಯುವಂತಿಲ್ಲ. ಲೀ ಆ್ಯನ್ ಅವರ ಗಂಡ ಶಾನ್ ಟೂಯಿ ಮಿಸಿಸಿಪಿ ವಿಶ್ವವಿದ್ಯಾಲಯದ (ಓಲ್ ಮಿಸ್) ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ, ಲೀ ಆ್ಯನ್ ಕೂಡ ಅಲ್ಲೇ ಓದಿದವರು. ಓಹರ್ ಆರಿಸಿಕೊಂಡದ್ದೂ ಅದೇ ಕಾಲೇಜನ್ನು. ಸಾಲದ್ದಕ್ಕೆ ಶಾಲೆಯ ಕೋಚ್ ಹ್ಯೂ ಫ್ರೀಜ್ ಅವರಿಗೂ ಅಲ್ಲೇ ಕೆಲಸ ಸಿಕ್ಕಿತು. ಅನುಮಾನ ಹುಟ್ಟಲು ಇಷ್ಟು ಸಾಕು. ಈ ಪ್ರಶ್ನೆಯನ್ನು ಮರೆಮಾಚದೆ ಹುಡುಗನ ಬಾಯಿಂದಲೇ ಕೇಳಿಸಿದ್ದು ಸಿನಿಮಾದ ಒಳ್ಳೆಯ ಗುಣ.

ಟೂಯಿ ದಂಪತಿ ಓಹರ್ ಅವರನ್ನು ದತ್ತು ತೆಗೆದುಕೊಂಡಿದ್ದರೇ?

ಇಲ್ಲ. 2004ರಲ್ಲಿ, ಓಹರ್‌ಗೆ 18 ತುಂಬಿದ ಕೆಲವೇ ತಿಂಗಳಿಗೆ, ಮೆಂಫಿಸ್‌ನ ನ್ಯಾಯಾಲಯದಲ್ಲಿ ಆದದ್ದು ಕನ್ಸರ್ವೇಟರ್‌ಶಿಪ್. ಎರಡಕ್ಕೂ ಅಜಗಜಾಂತರ. ದತ್ತು ಆದರೆ ಮಗ ಆಗುತ್ತಾನೆ: ಕಾನೂನಿನ ಸಂಬಂಧ, ಆಸ್ತಿಯ ಹಕ್ಕು ಬರುತ್ತವೆ, ವಯಸ್ಕನಾದರೆ ತನ್ನ ನಿರ್ಧಾರದ ಅಧಿಕಾರವೂ ತನ್ನಲ್ಲೇ ಉಳಿಯುತ್ತದೆ. ಕನ್ಸರ್ವೇಟರ್‌ಶಿಪ್ ಇರುವುದು ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ತನ್ನ ವ್ಯವಹಾರ ನೋಡಿಕೊಳ್ಳಲಾಗದ ವಯಸ್ಕರಿಗೆ. ಅದು ಬಂಧುತ್ವ ಕೊಡುವುದಿಲ್ಲ, ಒಪ್ಪಂದಗಳಂಥ ವಿಷಯಗಳಲ್ಲಿ ಅಧಿಕಾರವನ್ನು ಇನ್ನೊಬ್ಬರ ಕೈಗೆ ಕೊಡುತ್ತದೆ. ಟೆನೆಸೀಯಲ್ಲಿ 18 ದಾಟಿದವರನ್ನೂ ದತ್ತು ಪಡೆಯಬಹುದು.

2023ರ ಆಗಸ್ಟ್ 14ರಂದು ಓಹರ್ ಶೆಲ್ಬಿ ಕೌಂಟಿಯ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರು. ಇದು ದತ್ತುವಿಗೆ ಸಮ ಎಂದು ನಂಬಿಸಿ ಸಹಿ ಪಡೆದರು, ತನ್ನ ಕತೆಯಿಂದ ಕುಟುಂಬ ಹಣ ಮಾಡಿತು, ತನಗೆ ಸಲ್ಲಬೇಕಾದದ್ದು ಬರಲಿಲ್ಲ ಎಂಬುದು ಅವರ ಆರೋಪ. ಟೂಯಿ ದಂಪತಿ ನಿರಾಕರಿಸಿದರು: ಎನ್‌ಸಿಎಎ ನಿಯಮದ ತೊಡಕಿನಿಂದಾಗಿ ಈ ದಾರಿ ಹಿಡಿದೆವು, ಸಿನಿಮಾದ ಹಣವನ್ನು ನಾವಿಬ್ಬರು, ನಮ್ಮ ಇಬ್ಬರು ಮಕ್ಕಳು, ಓಹರ್ ಹೀಗೆ ಐವರಿಗೂ ಸಮನಾಗಿ ಹಂಚಿದೆವು, ಓಹರ್‌ಗೆ ಸುಮಾರು 1,38,000 ಡಾಲರ್ ಹೋಗಿದೆ ಎಂದರು. ಸೆಪ್ಟೆಂಬರ್ 29ರಂದು ನ್ಯಾಯಾಧೀಶೆ ಕ್ಯಾಥ್ಲೀನ್ ಗೋಮ್ಸ್ ಕನ್ಸರ್ವೇಟರ್‌ಶಿಪ್ ಕೊನೆಗೊಳಿಸಿದರು. ಅಂಗವೈಕಲ್ಯವಿಲ್ಲದ ವ್ಯಕ್ತಿಯ ಮೇಲೆ ಇಂಥ ಆದೇಶವನ್ನು ತಮ್ಮ 43 ವರ್ಷಗಳ ವೃತ್ತಿಯಲ್ಲಿ ನೋಡಿಲ್ಲವೆಂದರು. ಹಣದ ಲೆಕ್ಕದ ವ್ಯಾಜ್ಯವನ್ನು ಆ ಆದೇಶದಲ್ಲಿ ವಜಾ ಮಾಡಲಿಲ್ಲ.

ಊಟ ಹಾಕಿದ್ದು, ಓದಿಸಿದ್ದು, ಕೋಣೆ ಕೊಟ್ಟದ್ದು ನಿಜ. ಹತ್ತೊಂಬತ್ತು ವರ್ಷ ಆ ಕಾಗದ ಹಾಗೇ ಉಳಿದದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಬಾರದು ಎಂಬುದು ನಮ್ಮ ನಿಲುವು.

30 ಕೋಟಿ ಡಾಲರ್ ಗಳಿಸಿದ ಸಿನಿಮಾದಿಂದ ಕುಟುಂಬಕ್ಕೆ ಕೋಟಿಗಟ್ಟಲೆ ಬಂದಿರಬೇಕಲ್ಲವೇ?

ಟಿಕೆಟ್ ಗಳಿಕೆ ನಿರ್ಮಾಪಕರ ಗಳಿಕೆಯಲ್ಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರಗಳಿಗೆ ಹೋಗುತ್ತದೆ. ಉಳಿದದ್ದರಲ್ಲಿ ವಿತರಕರ ಪಾಲು, ಪ್ರಚಾರ ವೆಚ್ಚ, ತಯಾರಿಕೆಯ ಖರ್ಚು, ಬಡ್ಡಿ ಕಳೆಯಬೇಕು. ಕೊನೆಗೆ ಮಿಕ್ಕರೆ ಅದು ನಿವ್ವಳ ಲಾಭ. ‘ನಿವ್ವಳದಲ್ಲಿ ಶೇ. 2.5’ ಎಂಬ ಒಪ್ಪಂದ ಕೇಳಲು ಚೆನ್ನಾಗಿರುತ್ತದೆ, ಕೈಗೆ ಬರುವುದು ನಿವ್ವಳ ಎಂದರೇನೆಂದು ಒಪ್ಪಂದದಲ್ಲಿ ಹೇಗೆ ಬರೆದಿದೆ ಎಂಬುದರ ಮೇಲೆ ನಿಂತಿದೆ. ಟೂಯಿ ಕುಟುಂಬ ಮತ್ತು ಓಹರ್ ಪರವಾಗಿದ್ದ ಏಜೆನ್ಸಿಗೆ ಒಟ್ಟು ಸುಮಾರು 7,67,000 ಡಾಲರ್ ಕೊಟ್ಟಿರುವುದಾಗಿ ನಿರ್ಮಾಣ ಸಂಸ್ಥೆ ಆಲ್ಕಾನ್ 2023ರಲ್ಲಿ ತಿಳಿಸಿತು. ಜೀವನಕತೆಯ ಹಕ್ಕು ಕೊಡುವವರು ನಿವ್ವಳದ ಪಾಲಿಗಿಂತ ಮುಂಗಡ ಮೊತ್ತವನ್ನು ಕೇಳುವುದು, ಸಹಿಗೆ ಮುನ್ನ ತಮ್ಮದೇ ವಕೀಲರಿಂದ ಓದಿಸುವುದು ಕ್ಷೇಮ. ‘ತಮ್ಮದೇ’ ಎಂಬುದಕ್ಕೆ ಒತ್ತು ಕೊಡುತ್ತೇವೆ. ಮನೆಯವರೆಲ್ಲರಿಗೂ ಒಬ್ಬರೇ ವಕೀಲರಾದರೆ ಮನೆಯಲ್ಲಿ ದುರ್ಬಲನಾದವನ ಪರ ಕೇಳುವವರಿರುವುದಿಲ್ಲ.

ಓಹರ್ ಆಟದಲ್ಲಿ ಎಷ್ಟು ಮುಂದೆ ಹೋದರು?

2009ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಬಾಲ್ಟಿಮೋರ್ ರೇವನ್ಸ್ 23ನೆಯವರಾಗಿ ಆರಿಸಿಕೊಂಡಿತು. 2013ರ ಫೆಬ್ರವರಿ 3ರಂದು ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು 34–31ರಿಂದ ಸೋಲಿಸಿ ಸೂಪರ್ ಬೌಲ್ (ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ) ಗೆದ್ದ ತಂಡದಲ್ಲಿದ್ದರು. ಜಗತ್ತಿಗೆ ಲೆಫ್ಟ್ ಟ್ಯಾಕಲ್ ಎಂದೇ ಪರಿಚಿತರಾದ ಅವರು ಅಂದು ಆಡಿದ್ದು ಬಲತುದಿಯಲ್ಲಿ. ನಂತರ ಟೆನೆಸೀ, ಆಮೇಲೆ ಕೆರೊಲೈನಾ. ಅಲ್ಲಿ 2016ರಲ್ಲಿ ಇನ್ನೊಂದು ಸೂಪರ್ ಬೌಲ್ ಆಡಿ ಸೋತರು. ತಲೆಗೆ ಬಿದ್ದ ಪೆಟ್ಟಿನ ತೊಂದರೆಯ ನಡುವೆ 2017ರಲ್ಲಿ ತಂಡ ಅವರನ್ನು ಬಿಡುಗಡೆ ಮಾಡಿತು.

ಮಕ್ಕಳಿಗೆ ತೋರಿಸಬಹುದೇ?

ಅಮೆರಿಕದ ಪ್ರಮಾಣಪತ್ರ ಪಿಜಿ-13. ಮಾದಕ ವಸ್ತು, ಬಂದೂಕು, ಜನಾಂಗ ನಿಂದನೆಯ ಮಾತು, ಒಂದು ಕಾರು ಅಪಘಾತ ಇವೆ. 12–13 ದಾಟಿದವರ ಜೊತೆ ಕುಳಿತು ನೋಡುವುದು ಒಳ್ಳೆಯದು. ಬಿಳಿಯರು ಬಂದು ಕಪ್ಪು ಹುಡುಗನನ್ನು ಉದ್ಧರಿಸಿದರು ಎಂಬ ಧಾಟಿಯ ಬಗ್ಗೆ ಬಂದಿರುವ ಟೀಕೆ ಸರಿಯಾದದ್ದೇ. ಮೈಕಲ್‌ಗೆ ಒಟ್ಟು ಎಷ್ಟು ಮಾತು ಕೊಟ್ಟಿದ್ದಾರೆ, ನಿರ್ಧಾರಗಳನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಗಮನಿಸಲು ಮಕ್ಕಳಿಗೆ ಹೇಳಿ, ಅವರೇ ಕಂಡುಕೊಳ್ಳುತ್ತಾರೆ.

ನಮ್ಮೂರಲ್ಲಿ ಆಟದಲ್ಲಿ ಚುರುಕಾದ, ಮನೆಯ ಆಸರೆಯಿಲ್ಲದ ಹುಡುಗ ಅಥವಾ ಹುಡುಗಿ ಇದ್ದರೆ ಏನು ಮಾಡಬೇಕು?

ನೇರವಾಗಿ ಮನೆಗೆ ಕರೆತಂದು ಇಟ್ಟುಕೊಳ್ಳಬೇಡಿ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. 18 ತುಂಬದ, ಆಸರೆಯಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ.

ನಿಮ್ಮ ಮನೆಯಲ್ಲೇ ಬೆಳೆಸುವ ಇಚ್ಛೆಯಿದ್ದರೆ ಪೋಷಕತ್ವಕ್ಕೆ (ಫಾಸ್ಟರ್ ಕೇರ್) ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಿ. ಮನೆ ಪರಿಶೀಲನೆಯ ನಂತರ ಸಮಿತಿಯ ಆದೇಶ ಬರುತ್ತದೆ. ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ ₹4,000 ನೆರವಿನ ಅವಕಾಶವಿದೆ. ದತ್ತು ಬೇರೆ ದಾರಿ: ಬಾಲನ್ಯಾಯ ಕಾಯ್ದೆಯಡಿ ಜಿಲ್ಲಾಧಿಕಾರಿಯ ಆದೇಶ ಬೇಕು. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ, ರೂಢಿಯ ವಿನಾಯಿತಿ ಬಿಟ್ಟರೆ, 15 ತುಂಬಿದ ಮಗುವನ್ನು ದತ್ತು ಪಡೆಯುವಂತಿಲ್ಲ. ಹದಿಹರೆಯದವರ ವಿಷಯದಲ್ಲಿ ಜನ ಎಡವುವುದು ಇಲ್ಲೇ. ವಯಸ್ಸು ಮೀರಿದ ಮೇಲೆ ಕಚೇರಿಗೆ ಬರುತ್ತಾರೆ.

ಮಗುವಿಗೆ ತನ್ನ ಊರು, ಒಡಹುಟ್ಟಿದವರನ್ನು ಬಿಟ್ಟು ಬರಲು ಇಷ್ಟವಿಲ್ಲದಿರಬಹುದು. ಆಗ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯದ ಆಯ್ಕೆ ಪ್ರಕ್ರಿಯೆಯನ್ನು ವಿಚಾರಿಸಿ. ಜನ್ಮ ದಿನಾಂಕದ ದಾಖಲೆ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಮೊದಲೇ ಸಿದ್ಧವಿಟ್ಟುಕೊಳ್ಳಿ; ಪ್ರತಿಭೆಯಿದ್ದೂ ಮಗು ವಾಪಸಾಗುವುದು ಬಹುಪಾಲು ಈ ಕಾಗದಗಳಿಲ್ಲದೆ. ಬಹುಮಾನದ ಹಣ, ವಿದ್ಯಾರ್ಥಿವೇತನ ಬಂದರೆ ಅದು ಮಗುವಿನ ಹೆಸರಿನ ಖಾತೆಗೇ ಹೋಗಲಿ, ಪಾಸ್‌ಬುಕ್ ಮಗುವಿಗೆ ತೋರಿಸಿ. ಪ್ರಾಯೋಜಕರ ಒಪ್ಪಂದಕ್ಕೆ 18ರ ಒಳಗಿನವರ ಸಹಿ ಕಾನೂನಿನಲ್ಲಿ ನಿಲ್ಲುವುದಿಲ್ಲ. 18 ತುಂಬಿದ ಮೇಲೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿಹೇಳಿ, ಒಂದು ಪ್ರತಿಯನ್ನು ಅವರ ಕೈಗೇ ಕೊಟ್ಟು, ಆಮೇಲೆ ಸಹಿ ಕೇಳಿ.